ನೋಟಾಗೆ ಜಾಸ್ತಿ ಓಟು ಬಿದ್ದರೆ ಮತ್ತೆ ಚುನಾವಣೆ ಆಗುತ್ತಾ?

ಆಗಲ್ಲ. ನೋಟಾ ಅಂದರೆ ಮತಯಂತ್ರದಲ್ಲಿ 'ಇವರಲ್ಲಿ ಯಾರೂ ಬೇಡ' ಎನ್ನಲು ಇರುವ ಗುಂಡಿ. ಪ್ರತಿ ಚುನಾವಣೆಗೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಬರೆಯುತ್ತೇನೆ. ಆದರೂ ಮತದಾನ ಹತ್ತಿರ ಬಂದ ಕೂಡಲೇ ವಾಟ್ಸಾಪ್ ಗ್ರೂಪಿಗೆ ಅದೇ ಹಳೇ ಸಂದೇಶ ಬಂದು ಬೀಳುತ್ತದೆ: "ನೋಟಾ ಗೆದ್ದರೆ ನಿಂತವರೆಲ್ಲ ಅನರ್ಹ, ಹೊಸಬರನ್ನು ನಿಲ್ಲಿಸಿ ಮರುಚುನಾವಣೆ!"

ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಅಂಥ ನಿಯಮವೇ ಇಲ್ಲ. ನೋಟಾ ಅಭ್ಯರ್ಥಿ ಅಲ್ಲ. ನೋಟಾಗೆ ಒಂದು ಲಕ್ಷ ಬಿದ್ದು, ಒಬ್ಬರಿಗೆ 100, ಇನ್ನೊಬ್ಬರಿಗೆ 99 ಓಟು ಬಂದರೂ ಆ 100ರವರೇ ನಿಮ್ಮ ಸಂಸದರು. ಠೇವಣಿ ಉಳಿಯಲು ಆರನೇ ಒಂದು ಭಾಗ ಓಟು ಬೇಕಲ್ವಾ, ಆ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ.

ನಂಬಿಕೆ ಬರದಿದ್ದರೆ 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರ್ ಕ್ಷೇತ್ರ ನೋಡಿ. ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ತೆಗೆದುಕೊಂಡುಬಿಟ್ಟರು. ಪಕ್ಷ ಬೇರೆ ದಾರಿ ಕಾಣದೆ ನೋಟಾ ಒತ್ತಿ ಎಂದು ಪ್ರಚಾರ ಮಾಡಿತು. ನೋಟಾಗೆ ಬಿದ್ದದ್ದು 2,18,674 ಓಟು. ಬಿಜೆಪಿಯ ಶಂಕರ್ ಲಾಲ್ವಾನಿ ಗೆದ್ದರು. ಅಂತರ ಎಷ್ಟು ಗೊತ್ತಾ? 11,75,092. ಈ ಲೆಕ್ಕ ತೆಗೆದದ್ದು 51,659 ಓಟು ಪಡೆದ ಬಿಎಸ್‌ಪಿ ಅಭ್ಯರ್ಥಿಯ ಎದುರು. ಎರಡು ಲಕ್ಷ ದಾಟಿದ ನೋಟಾವನ್ನು ಎರಡನೇ ಸ್ಥಾನಕ್ಕೂ ಪರಿಗಣಿಸಲಿಲ್ಲ.

ಸಂದೇಶ ಹುಟ್ಟಿದ್ದು ಪೂರ್ತಿ ಸುಮ್ನೆ ಅಲ್ಲ, ನಿಜ. 2018ರಲ್ಲಿ ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು ನೋಟಾ ಮುಂದಿದ್ದರೆ ಮರುಚುನಾವಣೆ ಎಂದು ನಿಯಮ ತಂದವು. ಆದರೆ ಅದು ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ಫಾರ್ವರ್ಡ್ ಮಾಡುವಾಗ ಆ ಸಾಲು ಬಿಟ್ಟುಹೋಗಿದೆ.

ಹಾಗಾದರೆ ನೋಟಾ ಯಾಕೆ? ಮೊದಲು ಯಾರಿಗೂ ಓಟು ಬೇಡ ಎನ್ನುವವರು ಮತಗಟ್ಟೆ ಅಧಿಕಾರಿಗೆ ಹೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಅಕ್ಕಪಕ್ಕ ಕೂತ ಏಜೆಂಟರಿಗೆಲ್ಲ ಗೊತ್ತಾಗುತ್ತಿತ್ತು. ಗುಟ್ಟು ಉಳಿಯಲಿ ಎಂದೇ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಈ ಗುಂಡಿ ಇಡಿ ಎಂದಿತು. ಅಭ್ಯರ್ಥಿಯನ್ನು ಸೋಲಿಸುವ ಶಕ್ತಿಯನ್ನು ಅದಕ್ಕೆ ಕೊಡಲಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಕಣದಲ್ಲಿ ಒಬ್ಬರೇ ಉಳಿದರೆ ನೋಟಾ ಒತ್ತಬಹುದಾ? ಒತ್ತಲು ಮತದಾನವೇ ಇರುವುದಿಲ್ಲ. 2024ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು, ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಗೆದ್ದರು. ಸೂರತ್ ಮತದಾರರಿಗೆ ಆ ಸಲ ಲೋಕಸಭೆಗೆ ಮತಗಟ್ಟೆಯೇ ತೆರೆಯಲಿಲ್ಲ.