ರಾ ಫೈಲ್ ಅಂದರೆ ಏನು?

ಬಾಗಲಕೋಟೆ, ಇಳಕಲ್ಲ ಕಡೆಯ ಮದುವೆ ಮನೆಗಳಲ್ಲಿ ಫೋಟೋಗ್ರಾಫರ್ ಕಿವಿಗೆ ಬೀಳುವ ಮಾತು ಒಂದಿದೆ: "ಆಲ್ಬಂ ಆಮ್ಯಾಲೆ ಕೊಡ್ರಿ, ಮೊದಲ ರಾ ಫೋಟೋ ಪೆನ್‌ಡ್ರೈವ್‌ನಾಗ ಹಾಕಿ ಕೊಡ್ರಿ." ಅವರು ಕೇಳುತ್ತಿರುವುದು ಎಡಿಟ್ ಮಾಡದ ಫೋಟೋಗಳನ್ನು. ನಿಜವಾದ ರಾ ಫೈಲ್ ಕೊಟ್ಟರೆ ಎಷ್ಟೋ ಮೊಬೈಲ್‌ಗಳಲ್ಲಿ ಅದು ತೆರೆಯುವುದೇ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಲ್ಲೂ ಇದೇ ಗೊಂದಲ ಇರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಎಲ್ಲಿ ಎಷ್ಟು ಬೆಳಕು ಬಿತ್ತು ಅನ್ನುವ ಅಂಕಿಗಳ ದಾಖಲೆ. ಅದು ಇನ್ನೂ ಫೋಟೋ ಆಗಿರುವುದಿಲ್ಲ. ಸೆನ್ಸರ್‌ನಲ್ಲಿರುವ ಕೋಟ್ಯಂತರ ಚುಕ್ಕಿಗಳಿಗೆ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಅನ್ನುವುದಷ್ಟೇ ತಿಳಿಯುತ್ತದೆ. ಅದಕ್ಕೇ ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಫಿಲ್ಟರ್ ಒಂದನ್ನು ಕೂರಿಸಿರುತ್ತಾರೆ. ಬಹುತೇಕ ಕ್ಯಾಮೆರಾಗಳಲ್ಲಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸಿರನ್ನು ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಹಸಿರಿಗೆ ಎರಡು ಪಾಲು. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಅದೇ ನಡೆಯುತ್ತಿದೆ.

ಈ ಅಂಕಿಗಳನ್ನು ಜೋಡಿಸಿ ಬಣ್ಣದ ಚಿತ್ರ ಮಾಡುವ ಕೆಲಸ ಯಾರಾದರೂ ಮಾಡಲೇಬೇಕು. ನೀವು ಜೆಪೆಗ್ (ಎಲ್ಲ ಮೊಬೈಲ್‌ಗಳಲ್ಲೂ ತೆರೆಯುವ ಮಾಮೂಲಿ ಫೋಟೋ ಫೈಲ್) ಇಟ್ಟುಕೊಂಡು ಶೂಟ್ ಮಾಡಿದರೆ ಅದನ್ನು ಕ್ಯಾಮೆರಾ ಅಲ್ಲೇ ಮಾಡಿ ಮುಗಿಸುತ್ತದೆ. ಬಿಳಿ ಯಾವುದು, ಬಣ್ಣ ಎಷ್ಟು ಗಾಢ, ಶಾರ್ಪ್ ಎಷ್ಟು ಅಂತ ತಾನೇ ತೀರ್ಮಾನಿಸಿ, ಉಳಿದ ಮಾಹಿತಿಯನ್ನು ಎಸೆದುಬಿಡುತ್ತದೆ. ರಾ ಇಟ್ಟುಕೊಂಡರೆ ಆ ತೀರ್ಮಾನಗಳೆಲ್ಲ ನಿಮಗೇ ಉಳಿಯುತ್ತವೆ. ಲೈಟ್‌ರೂಮ್, ಕ್ಯಾಪ್ಚರ್ ಒನ್, ಫೋಟೋಶಾಪ್‌ನ ಕ್ಯಾಮೆರಾ ರಾ, ದುಡ್ಡಿಲ್ಲದೆ ಸಿಗುವ ಡಾರ್ಕ್‌ಟೇಬಲ್, ರಾ ಥೆರಪಿ ಎಲ್ಲವೂ ಇರುವುದು ಇದಕ್ಕೇ.

ಲೈಟ್‌ರೂಮ್‌ಗೆ ಫೋಟೋ ಹಾಕಿದ ಮೇಲೆ ಒಂದು ಸಂಗತಿ ಗಮನಿಸಿರಬಹುದು. ಮೊದಲು ಫೋಟೋ ಕಳೆಕಳೆಯಾಗಿ ಕಾಣುತ್ತದೆ. ಒಂದೆರಡು ಕ್ಷಣದಲ್ಲಿ ಮಂಕಾಗುತ್ತದೆ. ಫೈಲ್ ಹಾಳಾಯಿತು ಅಂತ ಹೆದರುವವರು ಇದ್ದಾರೆ. ಏನೂ ಹಾಳಾಗಿಲ್ಲ. ಸಾಮಾನ್ಯವಾಗಿ ರಾ ಫೈಲ್ ಒಳಗೆ ಕ್ಯಾಮೆರಾ ಮಾಡಿಟ್ಟ ಜೆಪೆಗ್ ಒಂದು ಇರುತ್ತದೆ, ಮೊದಲು ಕಂಡದ್ದು ಅದು. ಆಮೇಲೆ ಕಂಡದ್ದು ಸಾಫ್ಟ್‌ವೇರ್ ತಾನೇ ಅಂಕಿಗಳಿಂದ ಕಟ್ಟಿದ್ದು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವುದೂ ಆ ಜೆಪೆಗ್ಗೇ. ಎಲ್ಲಿ ಎಷ್ಟು ಬೆಳಕಿದೆ ಅಂತ ತೋರಿಸುವ ಅಲ್ಲಿನ ನಕ್ಷೆ, ಅಂದರೆ ಹಿಸ್ಟೋಗ್ರಾಂ ಕೂಡ ಸಾಮಾನ್ಯವಾಗಿ ಅದರದ್ದೇ. ಅಲ್ಲಿ ಬೆಳಕು ಜಾಸ್ತಿಯಾಯಿತು ಅಂತ ಮಿನುಗಿದರೂ ರಾ ಫೈಲ್‌ನಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿರುವುದುಂಟು.

ಇದರ ಲಾಭ ಎಲ್ಲಿ ಕಾಣುತ್ತದೆ? ನಮ್ಮ ಕಡೆಯ ಮದುವೆಯಲ್ಲೇ ನೋಡಿ. ಇಳಕಲ್ಲ ಸೀರೆಯ ಟೋಪಿ ತೆನಿ ಸೆರಗು ಅಪ್ಪಟ ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆಗಳ ಸಾಲು. ಅಕ್ಕಿಕಾಳು ಹಾಕುವ ಹೊತ್ತಿಗೆ ವೇದಿಕೆಯ ದೀಪ ಅದರ ಮೇಲೆ ನೇರ ಬಿದ್ದಿರುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗೆ 256 ಮೆಟ್ಟಿಲು ಮಾತ್ರ. ಈ ಕೆಂಪು ಬೇಗ 255 ಮುಟ್ಟುತ್ತದೆ. ಮುಟ್ಟಿದ ಮೇಲೆ ನೇಯ್ಗೆ ಇಲ್ಲ, ಮಡಿಕೆ ಇಲ್ಲ, ರೇಷ್ಮೆಯ ಹೊಳಪಿಲ್ಲ, ಸೆರಗಿನ ಜಾಗದಲ್ಲಿ ಬಣ್ಣ ಬಳಿದ ಹಾಗೆ ಒಂದು ಕೆಂಪು ತೇಪೆ. ಅದೇ ರಾ ಫೈಲ್‌ನಲ್ಲಿ ಸೆನ್ಸರ್ ಬರೆದ ಅಂಕಿ ಎಷ್ಟೋ ಸಲ ಇನ್ನೂ ತುದಿ ಮುಟ್ಟಿರುವುದಿಲ್ಲ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಿಕೆ) ಸರಿ ಮಾಡಿ, ಎಕ್ಸ್‌ಪೋಷರ್ (ಒಟ್ಟು ಬೆಳಕು) ಸ್ವಲ್ಪ ಇಳಿಸಿ, ಕೆಂಪಿನ ಸ್ಯಾಚುರೇಷನ್ (ಗಾಢತೆ) ಒಂಚೂರು ಕಡಿಮೆ ಮಾಡಿದರೆ ಎಳೆ ಎಳೆ ಮತ್ತೆ ಎದ್ದು ಬರುತ್ತದೆ. ಸೀರೆಯನ್ನು ನೇಯ್ದವರ ಕೆಲಸ ಫೋಟೋದಲ್ಲಿ ಕಾಣಬೇಕು ಅಲ್ವಾ?

ನೆರಳಿನ ಕಡೆ ಲಾಭ ಇನ್ನೂ ಜಾಸ್ತಿ. ಬಾದಾಮಿಯ ಮೂರನೆಯ ಗುಹೆ ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, 578ರ ಶಾಸನ ಅಲ್ಲೇ ಇದೆ. ಒಳಗೆ ನಿಂತು ಹೊರಕ್ಕೆ ಕ್ಯಾಮೆರಾ ಹಿಡಿಯಿರಿ. ಕಂಬಗಳು ಕತ್ತಲಲ್ಲಿ, ಹೊರಗೆ ಬಿಸಿಲು ಬಿದ್ದ ಬಂಡೆ. ಹೊರಗಿನ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಕಂಬದ ಕೆತ್ತನೆ ಕಪ್ಪಾಗುತ್ತದೆ. ಆ ಕಪ್ಪನ್ನು ಜೆಪೆಗ್‌ನಲ್ಲಿ ಎತ್ತಿದರೆ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. 14 ಬಿಟ್ ರಾ ಫೈಲ್‌ನಲ್ಲಿ 16,384 ಮೆಟ್ಟಿಲು ಇವೆ. ಶಾಡೋಸ್ ಎತ್ತಿದಾಗ ಮರಳುಗಲ್ಲಿನ ಗೆರೆಗಳು, ಅದರ ತಿಳಿಗೆಂಪು ಚೆನ್ನಾಗಿಯೇ ಉಳಿಯುತ್ತವೆ. ಇಲ್ಲಿ ಒಂದು ಒಳಲೆಕ್ಕವೂ ಇದೆ. ಸೆನ್ಸರ್ ಬೆಳಕನ್ನು ಇದ್ದ ಹಾಗೇ ಎಣಿಸುವುದರಿಂದ, ಅತಿ ಬೆಳಕಿನ ಒಂದೇ ಸ್ಟಾಪ್‌ಗೆ (ಬೆಳಕು ದುಪ್ಪಟ್ಟಾಗುವ ಒಂದು ಹಂತಕ್ಕೆ) ಅರ್ಧ ಮೆಟ್ಟಿಲುಗಳು, ಅಂದರೆ 8,192 ಹೋಗುತ್ತವೆ. ಅದರ ಕೆಳಗಿನದಕ್ಕೆ 4,096. ಹೀಗೇ ಇಳಿಯುತ್ತಾ ಕತ್ತಲಿಗೆ ಉಳಿಯುವುದು ತೀರಾ ಕಡಿಮೆ. ಹಾಗಾಗಿ ರಾ ಇದೆ ಅಂತ ಸುಮ್ನೆ ಕತ್ತಲಾಗಿ ತೆಗೆಯಬೇಡಿ. ಬೆಳಕು ತುದಿ ಮುಟ್ಟದಷ್ಟು ಧಾರಾಳವಾಗಿ ತೆಗೆಯುವುದೇ ಒಳ್ಳೆಯದು.

ರಾ ಎಲ್ಲವನ್ನೂ ಉಳಿಸುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹಿರಿಯರ ಬಿಳಿ ರುಮಾಲು ಪೂರ್ತಿ ಬೆಳ್ಳಗಾಗಿ, ಮೂರೂ ಬಣ್ಣ ತುದಿ ಮುಟ್ಟಿದ್ದರೆ ಅಲ್ಲಿ ವಾಪಸ್ ತರಲು ಏನೂ ಇಲ್ಲ. ಫೋಕಸ್ ತಪ್ಪಿದ್ದರೆ ತಪ್ಪಿದ್ದೇ. ನೇರಳೆ ಎಲ್‌ಇಡಿ ಒಂದರಲ್ಲೇ ಮಿಂದ ಮುಖಕ್ಕೆ ಸಹಜ ಬಣ್ಣ ತರುವುದೂ ಆಗದ ಮಾತು. ಆ ದೀಪದಲ್ಲಿ ಹಸಿರೇ ಇರದಿದ್ದರೆ ಸೆನ್ಸರ್ ಹಸಿರನ್ನು ಎಲ್ಲಿಂದ ಬರೆಯಬೇಕು?

ಮೈಬಣ್ಣದ ಮಾತು ಬಂತು, ಹೇಳಿಯೇಬಿಡುತ್ತೇನೆ. ಎಲ್ಲಿಂದಲೋ ತಂದ ಪ್ರಿಸೆಟ್ (ಮೊದಲೇ ಸಿದ್ಧ ಮಾಡಿಟ್ಟ ಎಡಿಟ್ ಸೆಟ್ಟಿಂಗ್) ಒಂದನ್ನು ಇಡೀ ಮದುವೆಗೆ ಹಾಕಿ, ಕಪ್ಪಗಿನ ಮದುಮಗಳನ್ನು ಬಿಳಿಚಿಕೊಂಡ ಹಾಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬೆಳಕು ಸರಿಯಿದ್ದರೆ ಅವಳ ನಿಜವಾದ ಬಣ್ಣ ರಾ ಫೈಲ್‌ನಲ್ಲಿ ಇರುತ್ತದೆ. ಅದನ್ನು ಚೆಂದವಾಗಿ ಹೊರತರುವುದಕ್ಕೇ ನಮಗೆ ಕೂಲಿ ಕೊಡುವುದು.

ರಾ ಮೇಲೆ ಏನೇ ಎಡಿಟ್ ಮಾಡಿದರೂ ಮೂಲ ಅಂಕಿಗಳು ಬದಲಾಗುವುದಿಲ್ಲ. 'ಇಷ್ಟು ಬೆಳಕು, ಇಷ್ಟು ಬಣ್ಣ' ಅನ್ನುವ ಸೂಚನೆಗಳನ್ನು ಸಾಫ್ಟ್‌ವೇರ್ ಬೇರೆ ಕಡೆ ಬರೆದಿಡುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅದು ಕ್ಯಾಟಲಾಗ್. ಕ್ಯಾಮೆರಾ ರಾದಲ್ಲಿ ಹೆಚ್ಚಾಗಿ ಪಕ್ಕದಲ್ಲೇ ಕೂರುವ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲ್. ಬೇಡದ ಫೈಲ್ ಅಂತ ಅದನ್ನು ಅಳಿಸಿದರೆ ರಾತ್ರಿಯೆಲ್ಲ ಕೂತು ಮಾಡಿದ ಕಲರ್ ಕರೆಕ್ಷನ್ ಹೋಯಿತು. ಆಲ್ಬಂ ಡಿಸೈನ್ ಮಾಡುವವರಿಗೆ ರಾ ಫೋಲ್ಡರ್ ಕಾಪಿ ಮಾಡಿ ಕೊಡುವಾಗ ಎರಡೂ ಜೊತೆಗೇ ಹೋಗಲಿ. ಪ್ರಿಂಟ್‌ಗೆ ಲ್ಯಾಬ್‌ಗೆ ಕಳಿಸುವಾಗ ಹೇಗೂ ಜೆಪೆಗ್ ಮಾಡಲೇಬೇಕು.

ಇನ್ನೊಂದು ತೊಡಕು ಸ್ಟುಡಿಯೋಗಳಲ್ಲಿ ಮೇಲಿಂದ ಮೇಲೆ ಎದುರಾಗುತ್ತದೆ. ಹೊಸ ಕ್ಯಾಮೆರಾ ತಂದಿರುತ್ತಾರೆ, ಅದರ ರಾ ಹಳೆಯ ಫೋಟೋಶಾಪ್‌ನಲ್ಲಿ ತೆರೆಯುವುದಿಲ್ಲ. ಕಾರ್ಡ್ ಕೆಟ್ಟಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಬಗೆ: ಕ್ಯಾನನ್‌ನದು ಸಿಆರ್2, ಸಿಆರ್3, ನಿಕಾನ್‌ನದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯೂ. ಸಾಮಾನ್ಯವಾಗಿ ಕ್ಯಾಮೆರಾ ಬಂದ ಮೇಲೆ ಬಂದ ಸಾಫ್ಟ್‌ವೇರ್‌ಗೆ ಮಾತ್ರ ಅದರ ರಾ ಓದಲು ಬರುತ್ತದೆ. ಅಡೋಬಿ 2004ರಲ್ಲಿ ಡಿಎನ್‌ಜಿ ಅನ್ನುವ ಎಲ್ಲರಿಗೂ ತೆರೆದ ರಾ ಬಗೆಯನ್ನು ತಂದಿತು. ಅವರದೇ ಡಿಎನ್‌ಜಿ ಕನ್ವರ್ಟರ್ ಉಚಿತ. ಅದರಲ್ಲಿ ಪರಿವರ್ತಿಸಿಕೊಂಡರೆ ಹಳೆಯ ಸಾಫ್ಟ್‌ವೇರ್‌ನಲ್ಲೂ ಕೆಲಸ ನಡೆಯುತ್ತದೆ.

ಪಾಸ್‌ಪೋರ್ಟ್ ಸೈಜ್ ಫೋಟೋಗೆ, ಅವತ್ತೇ ಪತ್ರಿಕೆಗೆ ಕಳಿಸುವ ಚಿತ್ರಕ್ಕೆ ಜೆಪೆಗ್ ಸಾಕು. ಮದುವೆಗೆ ಬೇಡ. ಜಾಗ ಜಾಸ್ತಿ ಬೇಕು ನಿಜ. ಒಂದು ರಾ ಸುಮಾರು 30 ಎಂಬಿ ಅಂತ ಹಿಡಿದರೆ 2,000 ಫೋಟೋಗೆ 60 ಜಿಬಿ. ಆ ಖರ್ಚನ್ನು ಬುಕಿಂಗ್ ರೇಟಿನಲ್ಲೇ ಸೇರಿಸಿಕೊಳ್ಳಿ. ಅದೇ ಹೊತ್ತಿಗೆ ಪೆನ್‌ಡ್ರೈವ್‌ನಲ್ಲಿ ಕೊಡುವುದು ಜೆಪೆಗ್ಗೋ ರಾನೋ ಅಂತ ಬೀಗರಿಗೆ ತಿಳಿಸಿ, ಬಿಲ್ಲಿನ ಮೇಲೆ ಬರೆದುಕೊಡಿ.