ಖಗೋಳದ ಪೋಸ್ಟ್‌ಡಾಕ್ ಅರ್ಜಿ: ಹದ ಇರುವುದು ಜೂನ್‌ನಲ್ಲಿ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತುವವರಿಗೆ ಹದ ತಪ್ಪಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಖಗೋಳವಿಜ್ಞಾನದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ ಕೂಡ ಬಹುಮಟ್ಟಿಗೆ ವರ್ಷಕ್ಕೊಂದೇ ಹಂಗಾಮು. ಅಮೆರಿಕನ್ ಅಸ್ಟ್ರಾನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್‌ನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಜಾಹೀರಾತುಗಳ ಸುರಿಮಳೆ ಶುರು. ಕೊನೆಯ ದಿನಾಂಕಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುತ್ತವೆ. ಆಫರ್ ಜನವರಿ–ಫೆಬ್ರವರಿಯಲ್ಲಿ, ಕೆಲಸಕ್ಕೆ ಸೇರುವುದು ಮುಂದಿನ ಸೆಪ್ಟೆಂಬರ್ ಆಸುಪಾಸಿನಲ್ಲಿ. ‘ಥೀಸಿಸ್ ಕೊಟ್ಟಮೇಲೆ ನೋಡಿದರಾಯಿತು’ ಎಂದು ಕೂತವರು ಹೆಚ್ಚುಕಡಿಮೆ ಒಂದು ವರ್ಷ ಖಾಲಿ ಕೂರಬೇಕಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಥೀಸಿಸ್ ಮೌಲ್ಯಮಾಪನ, ವೈವಾ, ಪ್ರಾವಿಷನಲ್ ಸರ್ಟಿಫಿಕೇಟ್ ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಆ ತಿಂಗಳುಗಳನ್ನು ಹಿಂದಕ್ಕೆ ಎಣಿಸಿ ನೋಡಿದರೆ ಅರ್ಜಿಯ ಕೆಲಸ ಜೂನ್‌ನಲ್ಲೇ ಶುರುವಾಗಬೇಕು.

ಮೊದಲು ಎರಡು ಬಗೆಯ ಹುದ್ದೆಗಳ ವ್ಯತ್ಯಾಸ ತಿಳಿದಿರಲಿ. ಒಬ್ಬ ಪ್ರಾಧ್ಯಾಪಕರ ಪ್ರಾಜೆಕ್ಟ್ ಹಣದಿಂದ ಸಂಬಳ ಬರುವ ಹುದ್ದೆಯಲ್ಲಿ ಅವರ ವಿಷಯದ ಮೇಲೆಯೇ ಕೆಲಸ. ಫೆಲೋಶಿಪ್‌ನಲ್ಲಿ ವಿಷಯ ನಿಮ್ಮದು, ಪೈಪೋಟಿಯೂ ಅಷ್ಟೇ ದೊಡ್ಡದು. ನಾಸಾದ ಹಬಲ್ ಫೆಲೋಶಿಪ್ ಯೋಜನೆಯಲ್ಲಿ ವರ್ಷಕ್ಕೆ ಗರಿಷ್ಠ 24 ಮಂದಿಗೆ ಮೂರು ವರ್ಷದ ಅವಕಾಶ ಸಿಗುತ್ತದೆ. ಯಾವ ದೇಶದವರೂ ಅರ್ಜಿ ಹಾಕಬಹುದು, ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಮೊದಲ ವಾರ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಸೆಪ್ಟೆಂಬರ್‌ನಲ್ಲೇ ಗಡುವು. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆತಿಥೇಯ ದೇಶದಲ್ಲಿ ಇದ್ದಿರಬಾರದು ಎಂಬ ನಿಯಮ ಇಲ್ಲಿಂದ ಹೊರಡುವವರಿಗೆ ಅಡ್ಡಿಯಾಗುವುದಿಲ್ಲ. ನಮ್ಮ ದೇಶದ ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಎರಡು ವರ್ಷದ್ದು. ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗಗಳಿಗೆ ಐದು ವರ್ಷ ಸಡಿಲಿಕೆ. ಬೆಂಗಳೂರಿನ ಐಐಎ (ಭಾರತೀಯ ಖಭೌತ ಸಂಸ್ಥೆ), ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ ಮತ್ತು ರೇಡಿಯೊ ಖಗೋಳ ಕೇಂದ್ರ ಎನ್‌ಸಿಆರ್‌ಎ ತಮ್ಮದೇ ಪೋಸ್ಟ್‌ಡಾಕ್‌ಗಳನ್ನು ಕೊಡುತ್ತವೆ. ಅವುಗಳ ಜಾಲತಾಣ ನೋಡುತ್ತಿರಿ. ಅಂದಹಾಗೆ ಚಳ್ಳಕೆರೆ ಹತ್ತಿರ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್ ಇಳಿದದ್ದು ನೋಡಿ ‘ನಮ್ಮೂರಲ್ಲೇ ಕೆಲಸ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ಅದು ವಾಹನ ತಂತ್ರಜ್ಞಾನ, ನಕ್ಷತ್ರ–ಗೆಲಾಕ್ಸಿಗಳ ಸಂಶೋಧನೆಯ ದಾರಿಯೇ ಬೇರೆ.

ಅರ್ಜಿಯಲ್ಲಿ ಸಾಮಾನ್ಯವಾಗಿ ಸಿವಿ, ಪ್ರಕಟಣೆಗಳ ಪಟ್ಟಿ, ಈವರೆಗಿನ ಕೆಲಸದ ಸಾರ, ಮುಂದಿನ ಯೋಜನೆ ಮತ್ತು ಮೂರು ಶಿಫಾರಸು ಪತ್ರಗಳು ಇರುತ್ತವೆ. ಗೆಲ್ಲುವುದೂ ಸೋಲುವುದೂ ಯೋಜನೆಯಲ್ಲಿ. ಸಮಿತಿಯಲ್ಲಿ ಕೂತವರು ನಿಮ್ಮ ಉಪವಿಷಯದವರೇ ಆಗಿರುವುದಿಲ್ಲ. ಸೌರ ಭೌತವಿಜ್ಞಾನಿಯೊಬ್ಬರು ನಿಮ್ಮ ಗೆಲಾಕ್ಸಿ ಪ್ರಸ್ತಾವ ಓದುತ್ತಿರಬಹುದು, ಅದೂ ನೂರಾರು ಅರ್ಜಿಗಳ ನಡುವೆ. ಹಾಗಾಗಿ ಮೊದಲ ಪುಟದ ಮೊದಲ ಅರ್ಧದಲ್ಲೇ ಪ್ರಶ್ನೆ ಏನು, ಯಾವ ದತ್ತಾಂಶದಿಂದ ಉತ್ತರಿಸುತ್ತೀರಿ, ಅದಕ್ಕೆ ನೀವೇ ಏಕೆ ಎಂಬ ಮೂರೂ ಕಾಣಬೇಕು.

‘ಗೆಲಾಕ್ಸಿಗಳ ವಿಕಾಸವನ್ನು ಅಧ್ಯಯನ ಮಾಡುತ್ತೇನೆ’ ಎಂದು ಬರೆದರೆ ಸಾವಿರ ಜನ ಬರೆದದ್ದನ್ನೇ ಬರೆದಂತೆ. ಅದರ ಬದಲು ಹೀಗೆ ಬರೆಯಬಹುದು: ರೆಡ್‌ಶಿಫ್ಟ್ (ಬ್ರಹ್ಮಾಂಡ ಹಿಗ್ಗುವುದರಿಂದ ಅಲೆಯ ಉದ್ದ ಎಷ್ಟು ಪಾಲು ಹಿಗ್ಗಿದೆ ಎಂಬ ಅಳತೆ) 0.3ರಲ್ಲಿರುವ ಗೆಲಾಕ್ಸಿಗಳಲ್ಲಿ ತಣ್ಣನೆಯ ಹೈಡ್ರೋಜನ್ ಎಷ್ಟಿದೆ? ಆ ಅನಿಲದ 1420 ಮೆಗಾಹರ್ಟ್ಸ್ ರೇಡಿಯೊ ರೇಖೆ ನಮಗೆ ತಲುಪುವಾಗ ಸುಮಾರು 1093 ಮೆಗಾಹರ್ಟ್ಸ್‌ಗೆ ಜಾರಿರುತ್ತದೆ. ಪುಣೆ ಬಳಿಯ ಖೊಡದ್‌ನಲ್ಲಿರುವ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ ಬ್ಯಾಂಡ್–5 (1050–1450 ಮೆಗಾಹರ್ಟ್ಸ್) ಅದನ್ನು ಹಿಡಿಯಬಲ್ಲದು. ಒಂದೊಂದೇ ಗೆಲಾಕ್ಸಿಯ ಸಂಕೇತ ಗದ್ದಲದಲ್ಲಿ ಮುಳುಗಿಹೋಗುತ್ತದೆ. 400 ಗೆಲಾಕ್ಸಿಗಳ ವರ್ಣಪಟಲಗಳನ್ನು ಸರಾಸರಿ ತೆಗೆದರೆ ಗದ್ದಲ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟು ಬರೆದರೆ ಸೌರ ಭೌತವಿಜ್ಞಾನಿಗೂ ‘ಇದು ಆಗುವ ಕೆಲಸ’ ಅನ್ನಿಸುತ್ತದೆ. ಆಗ ಅವರು ಕೇಳುವುದು ಇನ್ನೊಂದು ಪ್ರಶ್ನೆ: ದೂರದರ್ಶಕದ ಸಮಯ ಸಿಗದಿದ್ದರೆ? ಹೊಸ ವೀಕ್ಷಣೆಯ ಮೇಲೆಯೇ ಇಡೀ ಯೋಜನೆ ನಿಂತಿದ್ದರೆ ಅದು ಇಲ್ಲೇ ಬೀಳುತ್ತದೆ. ಮೊದಲ ವರ್ಷಕ್ಕೆ ಆರ್ಕೈವ್‌ನಲ್ಲಿ ಈಗಾಗಲೇ ಇರುವ ದತ್ತಾಂಶ, ಎರಡನೆಯ ವರ್ಷಕ್ಕೆ ಹೊಸ ವೀಕ್ಷಣೆ ಎಂದು ಹಂಚಿಡಿ. ಮೊಬೈಲ್, ಉಪಗ್ರಹಗಳ ಹಸ್ತಕ್ಷೇಪದಿಂದ ಕೆಲವು ಚಾನೆಲ್‌ಗಳು ಹಾಳಾಗುತ್ತವೆ ಎಂಬುದನ್ನೂ ಬರೆಯಿರಿ. ತೊಡಕನ್ನು ಮುಚ್ಚಿಟ್ಟ ಯೋಜನೆಗಿಂತ ತೊಡಕು ಗೊತ್ತಿರುವವರ ಯೋಜನೆಗೆ ಅಂಕ ಹೆಚ್ಚು.

ಆತಿಥೇಯ ಸಂಸ್ಥೆಯ ಬಗ್ಗೆ ಒಂದು ಪ್ಯಾರಾ ಸಾಕು, ಆದರೆ ಅದು ಬೇರೆಲ್ಲೂ ಅಂಟಿಸಲಾಗದ ಪ್ಯಾರಾ ಆಗಿರಬೇಕು. ಹಳೆಯ ಅರ್ಜಿಯನ್ನು ನಕಲು ಮಾಡಿ ಇನ್ನೊಂದು ಸಂಸ್ಥೆಯ ಹೆಸರನ್ನು ಹಾಗೇ ಉಳಿಸಿ ಕಳಿಸುವವರು ಪ್ರತಿವರ್ಷವೂ ಇದ್ದಾರೆ.

ಶಿಫಾರಸು ಪತ್ರದಲ್ಲಿ ನಮ್ಮ ಕಡೆಯ ಅಭ್ಯರ್ಥಿಗಳಿಗೆ ಆಗುವಷ್ಟು ನಷ್ಟ ಬೇರೆಲ್ಲೂ ಇಲ್ಲ. ‘ಇವರು ಶ್ರಮಜೀವಿ, ಸಚ್ಚಾರಿತ್ರ್ಯವಂತರು, ಇವರ ಭವಿಷ್ಯಕ್ಕೆ ಶುಭ ಹಾರೈಸುತ್ತೇನೆ’ ಎಂಬ ಅರ್ಧ ಪುಟದ ಪತ್ರ ಕಾಲೇಜಿನ ನಡತೆ ಪ್ರಮಾಣಪತ್ರಕ್ಕೆ ಸರಿ. ವಿದೇಶದ ಸಮಿತಿ ಅದನ್ನು ‘ಹೇಳಲು ಏನೂ ಇಲ್ಲ’ ಎಂದೇ ಓದುತ್ತದೆ. ಅವರಿಗೆ ಬೇಕಾದದ್ದು ಯಾವ ಪೇಪರಿನಲ್ಲಿ ಯಾವ ಭಾಗ ನಿಮ್ಮದು, ಯಾವ ತೊಡಕನ್ನು ನೀವಾಗಿಯೇ ಬಿಡಿಸಿದಿರಿ, ಮುಂದಿನ ಯೋಜನೆ ಗೈಡ್‌ನದೋ ನಿಮ್ಮದೋ ಎಂಬ ಉತ್ತರಗಳು. ಆರು ವಾರ ಮೊದಲೇ ಕೇಳಿ. ಕೇಳುವಾಗ ಸಿವಿ, ಯೋಜನೆಯ ಕರಡು, ನಿಮ್ಮ ಪಾಲಿನ ಕೆಲಸದ ಒಂದು ಪುಟದ ಟಿಪ್ಪಣಿ ಮತ್ತು ಸಂಸ್ಥೆ, ಗಡುವು, ಅಪ್‌ಲೋಡ್ ಕೊಂಡಿ ಇರುವ ಒಂದು ಎಕ್ಸೆಲ್ ಪಟ್ಟಿ ಕಳಿಸಿ. ‘ಸರ್, ಹೇಗೆ ಕೇಳುವುದು’ ಎಂಬ ಸಂಕೋಚ ಬೇಡ, ಗಡುವಿಗೆ ಒಂದು ವಾರ ಇರುವಾಗ ನೆನಪಿಸುವುದು ವಾಡಿಕೆಯೇ. ಮೂವರಲ್ಲಿ ಒಬ್ಬರಾದರೂ ನಿಮ್ಮ ಸಂಸ್ಥೆಯ ಹೊರಗಿನವರಿರಲಿ. ಅಂಥವರ ಪರಿಚಯ ತಾನಾಗಿ ಆಗುವುದಿಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಿಂದ ಬೆಂಗಳೂರಿಗೂ ಪುಣೆಗೂ ಹೋಗಿ ಒಂದು ಸೆಮಿನಾರ್ ಕೊಟ್ಟು ಬನ್ನಿ. ಐಯುಕಾ ಮತ್ತು ಎನ್‌ಸಿಆರ್‌ಎ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಅಕ್ಕಪಕ್ಕದಲ್ಲೇ ಇವೆ, ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ.

ಹೆಸರಿನ ತೊಡಕು ಸಣ್ಣದೆನಿಸಿದರೂ ಕಾಡುತ್ತದೆ. ಊರು, ಅಪ್ಪನ ಹೆಸರುಗಳು ಇನಿಷಿಯಲ್ ಆಗಿರುವ ನಮ್ಮಲ್ಲಿ ಒಂದು ಪೇಪರಿನಲ್ಲಿ ‘ಟಿ. ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ಟಿ. ಆರ್.’ ಎಂದಿದ್ದರೆ ಖಗೋಳ ಪೇಪರುಗಳನ್ನು ಹುಡುಕುವ ನಾಸಾದ ಎಡಿಎಸ್ ಜಾಲತಾಣದಲ್ಲಿ ಎರಡೂ ಒಟ್ಟಿಗೆ ಬರದೆ ಹೋಗಬಹುದು. ಒಂದೇ ರೂಪ ಹಿಡಿದು, ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಮೇಲೆ ಬ್ಯಾಂಕು, ಸಂಬಳ ಎಲ್ಲ ಕಡೆ ವಿವರಣೆ ಕೊಡುತ್ತಾ ತಿರುಗಬೇಕು. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ.

ಗಡುವಿನ ಗಂಟೆಯನ್ನು ಭಾರತದ ಸಮಯಕ್ಕೆ ಇಳಿಸಿ ಬರೆದಿಟ್ಟುಕೊಳ್ಳಿ. ‘ಎನಿವೇರ್ ಆನ್ ಅರ್ತ್’ (ಭೂಮಿಯ ಮೇಲೆ ದಿನ ಕೊನೆಗೆ ಮುಗಿಯುವ ವಲಯದ ಸಮಯ) ರಾತ್ರಿ 11.59 ಎಂದರೆ ನಮಗೆ ಮರುದಿನ ಸಂಜೆ 5.29. ಜರ್ಮನಿಯ ಮಧ್ಯಾಹ್ನ 12 ಗಂಟೆ ಬೇಸಿಗೆ ವೇಳೆಯಲ್ಲಿ ನಮಗೆ 3.30, ಚಳಿಗಾಲದಲ್ಲಿ 4.30. ಅಮೆರಿಕದ ಪೂರ್ವ ತೀರದವರೂ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಅಲ್ಲಿಯ ಸಂಜೆ 5 ಗಂಟೆ ಅದಕ್ಕೆ ಮೊದಲು ನಮ್ಮ ಬೆಳಗಿನ ಜಾವ 2.30, ಆಮೇಲೆ 3.30. ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಆ ಹೊತ್ತಿಗೆ ಕೂರಬೇಡಿ. ಎರಡು ದಿನ ಮೊದಲೇ ಸಲ್ಲಿಸಿ, ಅಪ್‌ಲೋಡ್ ಆದ ಪಿಡಿಎಫ್ ಅನ್ನು ಮತ್ತೆ ಇಳಿಸಿಕೊಂಡು ಚಿತ್ರಗಳು ಕಾಣುತ್ತವೆಯೇ, ಪುಟಮಿತಿ ಮೀರಿಲ್ಲವೇ ನೋಡಿ. ಪುಟಮಿತಿ ಮೀರಿದ ಅರ್ಜಿಯನ್ನು ಓದದೆ ಬದಿಗಿಡುವ ಹಕ್ಕು ಅವರಿಗಿದೆ.

ಆಫರ್ ಬಂದಾಗ ಗಾಬರಿಯಿಂದ ಒಪ್ಪಿಕೊಳ್ಳಬೇಕಿಲ್ಲ. ಪೋಸ್ಟ್‌ಡಾಕ್ ಅಭ್ಯರ್ಥಿಗಳನ್ನು ಫೆಬ್ರವರಿ 15ಕ್ಕಿಂತ ಮುಂಚೆ ಉತ್ತರಿಸುವಂತೆ ಒತ್ತಾಯಿಸಬಾರದು ಎಂಬುದು ಅಮೆರಿಕನ್ ಅಸ್ಟ್ರಾನಾಮಿಕಲ್ ಸೊಸೈಟಿಯ ನಿಲುವು. ಎಲ್ಲ ಸಂಸ್ಥೆಗಳೂ ಪಾಲಿಸುವುದಿಲ್ಲ, ಆದರೆ ವಿನಯದಿಂದ ಆ ದಿನಾಂಕ ಕೇಳಿದರೆ ತಪ್ಪು ತಿಳಿಯುವವರು ಕಡಿಮೆ. ಆ ಅವಧಿಯಲ್ಲಿ ಗುತ್ತಿಗೆ ಎಷ್ಟು ವರ್ಷ, ಎರಡನೆಯ ವರ್ಷದ ನವೀಕರಣ ಯಾವುದರ ಮೇಲೆ ನಿಂತಿದೆ, ಪ್ರಯಾಣಕ್ಕೆ ಹಣ ಎಷ್ಟು, ವೀಸಾ ಮತ್ತು ಆರೋಗ್ಯ ವಿಮೆ ಯಾರ ಖರ್ಚು, ಡಿಗ್ರಿ ಸರ್ಟಿಫಿಕೇಟ್ ಬರುವ ಮುಂಚೆ ಪ್ರಾವಿಷನಲ್ ನಡೆಯುತ್ತದೆಯೇ ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ಬೇಡವೆಂದು ತೀರ್ಮಾನಿಸಿದ ಆಫರ್‌ಗೆ ಅದೇ ದಿನ ಬೇಡವೆಂದು ಬರೆಯಿರಿ, ವೇಟಿಂಗ್ ಲಿಸ್ಟ್ ಅಲ್ಲಿಂದ ಮುಂದಕ್ಕೆ ಸರಿಯುತ್ತದೆ.