ಒಂದು ಡಿಸ್ಕ್ ಚೆನ್ನಾಗಿದ್ದರೆ ಅರ್ಧ ಮದುವೆ ಸಿಗುವುದಿಲ್ಲ

"ಸರ್, ಒಂದು ಡಿಸ್ಕ್ ಚೆನ್ನಾಗೇ ಇದೆ. ಅರ್ಧ ಮದುವೆ ಆದ್ರೂ ಸಿಗುತ್ತೆ ಅಲ್ವಾ?"

ಮದುವೆ ಶೂಟಿಂಗ್ ಮಾಡುವ ಸ್ಟುಡಿಯೊದವರೊಬ್ಬರು ಹೀಗೆ ಕೇಳಿದಾಗ ಹಾಳಾದ ಡಿಸ್ಕುಗಳಿಂದ ಡೇಟಾ ತೆಗೆದುಕೊಡುವ ನನಗೆ ಉತ್ತರ ಹೇಳಲು ನಿಜಕ್ಕೂ ಕಷ್ಟವಾಯಿತು. ಎಡಿಟಿಂಗ್ ಬೇಗ ಆಗಲಿ ಅಂತ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಸೇರಿಸಿ ರೇಡ್ 0 ಮಾಡಿಸಿಕೊಂಡಿದ್ದರು, ಅದರಲ್ಲಿ ಒಂದು ಕೈಕೊಟ್ಟಿತ್ತು. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವುದು. ರೇಡ್ 0 ಅಂದರೆ ಇಸ್ಪೀಟ್ ಎಲೆ ಹಂಚಿದ ಹಾಗೆ, ನಿನಗೊಂದು ನನಗೊಂದು. ಅವರದ್ದರಲ್ಲಿ ಒಂದೊಂದು ಎಲೆ 128 ಕೆಬಿ. 8 ಎಂಬಿಯ ಒಂದು ಫೋಟೊ 64 ತುಂಡಾಗುತ್ತದೆ, 32 ಈ ಡಿಸ್ಕಿಗೆ, 32 ಆ ಡಿಸ್ಕಿಗೆ. ಹಾಗಾಗಿ ಒಂದು ಡಿಸ್ಕ್ ಹೋದರೆ ಅರ್ಧ ಫೋಟೊಗಳು ಉಳಿಯುವುದಿಲ್ಲ, ಪ್ರತಿ ಫೋಟೊದಲ್ಲೂ ಅರ್ಧ ಹೋಗುತ್ತದೆ. 128 ಕೆಬಿಗಿಂತ ಚಿಕ್ಕ ಫೈಲ್ ಏನಾದರೂ ಇದ್ದರೆ ಅದಷ್ಟೇ ಇಡಿಯಾಗಿ ಸಿಗಬಹುದು.

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ರೇಡ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದ್ದದ್ದು 1ರಿಂದ 5ರವರೆಗಿನ ಹಂತಗಳು ಮಾತ್ರ. ಸೊನ್ನೆ ಆಮೇಲೆ ಸೇರಿದ್ದು. ಅದರಲ್ಲಿ ಸ್ಪೀಡ್ ಇದೆ, ಕಾಪಾಡುವ ಗುಣ ಒಂದಿಷ್ಟೂ ಇಲ್ಲ.

ಇವರ ಕೈಕೊಟ್ಟ ಡಿಸ್ಕ್ ಪೂರ್ತಿ ಸತ್ತಿರಲಿಲ್ಲ. ಓದುವಾಗ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ನನ್ನ ಹತ್ತಿರ ತರುವ ಮೊದಲು ಎರಡನ್ನೂ ಬಿಚ್ಚಿ, ಒಂದೊಂದಾಗಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದ್ದರು. ವಿಂಡೋಸ್ "ಡಿಸ್ಕ್ ಇನಿಶಿಯಲೈಸ್ ಮಾಡಲೇ?" ಅಂತ ಕೇಳಿದೆ, ಇವರು ಸರಿ ಅಂದಿದ್ದಾರೆ. ಆ ಒಂದು ಕ್ಲಿಕ್ಕಿಗೆ ಡಿಸ್ಕಿನ ಮೊದಲ 34 ಸೆಕ್ಟರ್ (ಡಿಸ್ಕ್ ಓದಿ ಬರೆಯುವ ಅತಿ ಚಿಕ್ಕ ಜಾಗ), ಕೊನೆಯ 33 ಸೆಕ್ಟರ್ ಹೊಸದಾಗಿ ಬರೆದುಹೋಗುತ್ತವೆ. ಇವರ ಮದರ್‌ಬೋರ್ಡ್ ರೇಡಿನ ವಿವರ ಬರೆದಿಟ್ಟಿದ್ದದ್ದು ಸರಿಯಾಗಿ ಆ ಕೊನೆಯ ಜಾಗದಲ್ಲೇ. ಯಾವ ಡಿಸ್ಕ್ ಮೊದಲು, ತುಂಡಿನ ಅಳತೆ ಎಷ್ಟು, ಎಲ್ಲವೂ ಹೋಯಿತು.

ಮೊದಲ ಕೆಲಸ ನಕಲು. ಮೂಲ ಡಿಸ್ಕಿನ ಮೇಲೆ ನಾನು ಯಾವ ಪ್ರಯೋಗವನ್ನೂ ಮಾಡುವುದಿಲ್ಲ. ಚೆನ್ನಾಗಿದ್ದ ಡಿಸ್ಕಿನ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ ನಕಲು, ಏಳೆಂಟು ಗಂಟೆಯಲ್ಲಿ ಮುಗಿಯಿತು, ಇನ್ನೊಂದಕ್ಕೆ ಆರು ದಿನ ಹಿಡಿಯಿತು. ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಮೊದಲು ಸಲೀಸಾಗಿ ಬರುವ ಜಾಗಗಳನ್ನೆಲ್ಲ ಎತ್ತಿಕೊಳ್ಳುತ್ತದೆ, ತೊಂದರೆ ಕೊಡುವ ಜಾಗವನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ವಾಪಸ್ ಬರುತ್ತದೆ, ಎಲ್ಲೆಲ್ಲಿ ಓದಲಾಗಲಿಲ್ಲ ಅನ್ನುವ ಲೆಕ್ಕವನ್ನೂ ಬರೆದಿಡುತ್ತದೆ. (ಡಿಸ್ಕ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ಇದನ್ನೂ ಮಾಡಬೇಡಿ. ಕರೆಂಟ್ ತೆಗೆದುಬಿಡಿ. ಅದು ಡಿಸ್ಕ್ ಓದುವ ಹೆಡ್ಡಿನ ಸಮಸ್ಯೆ ಇರಬಹುದು, ಧೂಳಿಲ್ಲದ ಕೋಣೆಯಲ್ಲಿ ತೆರೆಯಬೇಕಾಗುತ್ತದೆ.)

ಆಮೇಲೆ ನನಗೆ ತುಂಬಾ ಇಷ್ಟದ ಭಾಗ. ಫೈಲುಗಳನ್ನು ಜೋಡಿಸಿಡುವ ವಿಂಡೋಸಿನ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಎಂಎಫ್‌ಟಿ ಅನ್ನುವ ಪಟ್ಟಿಯಲ್ಲಿ ಒಂದು ದಾಖಲೆ ಇರುತ್ತದೆ. ಸಾಮಾನ್ಯವಾಗಿ 1 ಕೆಬಿ ಗಾತ್ರ. ಶುರುವಿನಲ್ಲಿ 'ಫೈಲ್' ಅನ್ನುವ ಪದದ ನಾಲ್ಕು ಇಂಗ್ಲಿಷ್ ಅಕ್ಷರ, ಒಳಗೆ ಅದರ ಕ್ರಮಸಂಖ್ಯೆ. ಡಿಸ್ಕಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಒಂದು ಇಮೇಜ್ ತೆರೆದು ಸುಮ್ನೆ ಎಣಿಸುತ್ತಾ ಹೋದೆ. 5120, 5121, 5122... 5247ರವರೆಗೆ ಸಾಲಾಗಿ ಬಂತು, ಮುಂದಿನದು ನೇರವಾಗಿ 5376. ಮಧ್ಯದ 128 ದಾಖಲೆಗಳು ಇನ್ನೊಂದು ಡಿಸ್ಕಿನಲ್ಲಿ ಕೂತಿದ್ದವು. 128 ದಾಖಲೆ ಅಂದರೆ 128 ಕೆಬಿ, ತುಂಡಿನ ಅಳತೆ ಸಿಕ್ಕಿತು. ಎರಡೂ ಇಮೇಜುಗಳಲ್ಲಿ ಒಂದೇ ಜಾಗದಲ್ಲಿ ಯಾವುದರ ಸಂಖ್ಯೆ ಚಿಕ್ಕದೋ ಅದೇ ಮೊದಲ ಡಿಸ್ಕ್.

ಇಷ್ಟಾದರೂ ನಂಬಬಾರದು. ಅಳತೆ ತಪ್ಪಿದ್ದರೂ ಕೆಲವು ಸಲ ಫೋಲ್ಡರ್ ಹೆಸರುಗಳು ಚೆಂದಾಗಿ ಕಾಣುತ್ತವೆ, ಚಿಕ್ಕ ಚಿಕ್ಕ ಫೈಲುಗಳು ತೆರೆಯುತ್ತವೆ, ಮನೆಯವರೆಲ್ಲ ಖುಷಿಪಟ್ಟುಬಿಡುತ್ತಾರೆ. ಅದಕ್ಕೇ ನಾನು ದೊಡ್ಡ ಫೋಟೊಗಳನ್ನೇ ಮೊದಲು ತೆರೆಯುವುದು, ಒಂದಲ್ಲ, ಬೇರೆ ಬೇರೆ ಫೋಲ್ಡರಿನ ಹತ್ತಿಪ್ಪತ್ತು. ಮೇಲಿಂದ ಕೆಳಗಿನವರೆಗೆ ಬಣ್ಣ ಕದಲದೆ ಬಂದರೆ ಮಾತ್ರ ಜೋಡಣೆ ಸರಿ.

ರೇಡ್ 5 ಬಂದರೆ ಚಿಂತೆ ಬೇರೆ. ಅದು ಒಂದು ಡಿಸ್ಕ್ ಹೋದರೂ ನಡೆಯುತ್ತಲೇ ಇರುತ್ತದೆ. ಅಲ್ಲಿ ಒಂದು ಡಿಸ್ಕ್ ಯಾವತ್ತೋ ಹೊರಬಿದ್ದಿರುತ್ತದೆ, ಯಾರೂ ಗಮನಿಸಿರುವುದಿಲ್ಲ, ಎರಡನೆಯದು ಕೈಕೊಟ್ಟಾಗಲೇ ಗೊತ್ತಾಗುವುದು. ಆ ಹಳೆಯ ಡಿಸ್ಕನ್ನು ಸೇರಿಸಿ ಕಟ್ಟಿದರೆ ಹಳೆ ಡೇಟಾ ಹೊಸ ಡೇಟಾ ಎರಡೂ ಕಲಸಿಹೋಗುತ್ತವೆ. ಹಾಗಾಗಿ ರೀಬಿಲ್ಡ್ (ಡಿಸ್ಕುಗಳನ್ನು ಮತ್ತೆ ಕಟ್ಟುವ ಆಯ್ಕೆ) ಒತ್ತುವ ಮೊದಲು ದಯವಿಟ್ಟು ಪ್ರತಿ ಡಿಸ್ಕಿನ ಮೇಲೂ ಯಾವ ಸ್ಲಾಟಿನದ್ದು ಅಂತ ಮಾರ್ಕರಿನಲ್ಲಿ ಬರೆದು, ಎಲ್ಲದರ ಇಮೇಜ್ ತೆಗೆದಿಡಿ.

ಸ್ಟುಡಿಯೊದವರ ಡಿಸ್ಕಿನಲ್ಲಿ ಕೊನೆಗೂ ಓದಲಾಗದ ಸೆಕ್ಟರುಗಳು ಉಳಿದವು. ಇಮೇಜಿನಲ್ಲಿ ಆ ಜಾಗಗಳಿಗೆಲ್ಲ ಒಂದು ಗುರುತಿನ ಪದ ತುಂಬಿದೆ. ಆಮೇಲೆ ಎಲ್ಲ ಫೈಲುಗಳಲ್ಲೂ ಆ ಪದ ಹುಡುಕಿದರೆ ಯಾವುದಕ್ಕೆ ಪೆಟ್ಟು ಬಿದ್ದಿದೆ ಅಂತ ಪಟ್ಟಿಯೇ ಸಿಗುತ್ತದೆ. ಸಾವಿರಾರು ಫೈಲು ಒಂದೊಂದಾಗಿ ನೋಡುವ ಗೋಳು ಇಲ್ಲ. ಪಟ್ಟಿ ನೋಡಿ ಅವರು ಮೊದಲು ಹುಡುಕಿದ್ದು ಧಾರೆಯ ವಿಡಿಯೊ. ಅದರಲ್ಲಿ ಒಂದು ಕಡೆ ಚಿತ್ರ ಚೂರುಚೂರಾಗುತ್ತಿತ್ತು, ಒಂದು ಸೆಕೆಂಡಿನಷ್ಟು. ಎರಡನೇ ಕ್ಯಾಮೆರಾದಲ್ಲಿ ಅದೇ ಕ್ಷಣ ಇತ್ತು. ಅದನ್ನೇ ಹಾಕಿ ಎಡಿಟ್ ಮುಗಿಸಿ ಹುಡುಗಿ ಮನೆಯವರಿಗೆ ಕೊಟ್ಟರು.